ಕಾಫಿ ಬಣ್ಣದ ಪ್ಲಗ್ಗು

ನಮ್ಮ ಫ್ರಿಜ್ಜಿನ ಬಾಗಿಲಿಗೆ ಎರಡು ಚೀಟಿ ಅಂಟಿಸಿದ್ದೇನೆ. ಒಂದು ಅತ್ತೆಯವರು ಬರೆದುಕೊಟ್ಟ ಹುಳಿಪುಡಿಯ ಅಳತೆ. ಇನ್ನೊಂದು ನಾನೇ ಬರೆದದ್ದು: ‘10 ಲೀಟರಿಗೆ 250 ಎಂ.ಎಲ್. ಮೊದಲು ಎಣ್ಣೆ, ಆಮೇಲೆ ಪೆಟ್ರೋಲು. ಚೆನ್ನಾಗಿ ಕುಲುಕು.’ ಮನೆಗೆ ಬಂದ ನೆಂಟರು ಮೊದಲನೆಯದರ ಫೋಟೋ ಹೊಡೆದುಕೊಳ್ಳುತ್ತಾರೆ, ಎರಡನೆಯದನ್ನು ಓದಿ ನನ್ನ ಮುಖ ನೋಡುತ್ತಾರೆ. ಆಗ ವಿಷಯ ಬಿಚ್ಚಲೇಬೇಕಾಗುತ್ತದೆ. ನಮ್ಮ ಮನೆಯವರು ಬೆನ್ನಿಗೆ ಫ್ಯಾನು ಕಟ್ಟಿಕೊಂಡು ಆಕಾಶದಲ್ಲಿ ಹಾರುತ್ತಾರೆ, ಆ ಫ್ಯಾನು ನಿಲ್ಲದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ‘ಸ್ಯಾನ್ ಡಿಯೇಗೊದಲ್ಲಿ ಇಷ್ಟು ವರ್ಷ ಇದ್ದು ಇದನ್ನೇನಮ್ಮಾ ಕಲಿತದ್ದು’ ಎಂದು ಮೈಸೂರಿನ ಚಿಕ್ಕಮ್ಮ ಒಮ್ಮೆ ಕೇಳಿದರು. ಕಲಿತದ್ದು ಇಲ್ಲಲ್ಲ, ಅವರ ಬೀದಿಯಲ್ಲೇ ಎಂಬುದು ಅವರಿಗೆ ಮರೆತುಹೋಗಿತ್ತು.

ಫ್ಯಾನು ಅಂದದ್ದು ತಮಾಷೆಗಲ್ಲ. ಪ್ಯಾರಾಮೋಟರ್ ಎಂಬ ಈ ವಾಹನಕ್ಕೆ ಚಕ್ರವಿಲ್ಲ, ಬಾಗಿಲಿಲ್ಲ. ಸೀಟು ಎಂಬುದು ಜೋಕಾಲಿಯ ಹಲಗೆಗಿಂತ ತುಸು ವಾಸಿ. ಮೇಲೆ ಬಟ್ಟೆಯ ರೆಕ್ಕೆ, ಬೆನ್ನಲ್ಲಿ ದೊಡ್ಡ ಬಳೆಯಂಥ ಚೌಕಟ್ಟು, ಅದರೊಳಗೆ ಫ್ಯಾನು, ಫ್ಯಾನಿಗೂ ಬೆನ್ನಿಗೂ ನಡುವೆ ಇಂಜಿನ್ನು. ಇಪ್ಪತ್ತೈದು–ಮೂವತ್ತು ಕಿಲೋ ಹೊತ್ತು ಗಾಳಿಗೆ ಎದುರಾಗಿ ಓಡಬೇಕು. ರೆಕ್ಕೆ ತಲೆಯ ಮೇಲೆ ಬಂದು ನಿಂತಾಗ ಕೈಯಲ್ಲಿರುವ ಹಿಡಿಯನ್ನು ಅದುಮಿದರೆ ಬೆನ್ನ ಹಿಂದೆ ಯಾರೋ ನೂಕಿದ ಹಾಗಾಗುತ್ತದಂತೆ. ಹತ್ತು ಹನ್ನೆರಡು ಹೆಜ್ಜೆಗೆ ನೆಲ ಕಾಲಿಗೆ ಸಿಗುವುದಿಲ್ಲ. ‘ಅಂತೆ’ ಎಂದೆ, ಯಾಕೆಂದರೆ ನಾನು ಹಾರಿದವಳಲ್ಲ. ಹಾರುವ ಆಸೆಯೂ ಇಲ್ಲ. ಅದಕ್ಕೆ ಕಾರಣ ಭಯವೆಂದು ಎಲ್ಲರೂ ತಿಳಿದಿದ್ದಾರೆ, ನಾನೂ ತಿದ್ದಲು ಹೋಗಿಲ್ಲ.

ಇವರ ಇಂಜಿನ್ನು ಇಟಲಿಯದು. ಒಂದೇ ಸಿಲಿಂಡರು, 185 ಸಿಸಿ, ಟೂ ಸ್ಟ್ರೋಕ್, ಸುಮಾರು 25 ಅಶ್ವಶಕ್ತಿ. ನಮ್ಮಪ್ಪನ ಯೆಜ್ಡಿ ರೋಡ್‌ಕಿಂಗ್‌ಗೆ 250 ಸಿಸಿ ಇದ್ದೂ 16 ಅಶ್ವಶಕ್ತಿ. ಅಂದರೆ ಅದಕ್ಕಿಂತ ಚಿಕ್ಕ ಹೊಟ್ಟೆಯ ಇಂಜಿನ್ನು ಅದರ ಒಂದೂವರೆಪಟ್ಟು ದುಡಿಯುತ್ತದೆ. ನಿಮಿಷಕ್ಕೆ ಎಂಟು ಸಾವಿರ ಸುತ್ತು ಹೊಡೆದು ದುಡಿಯುತ್ತದೆ. ಹೀಗೆ ದುಡಿಯುವ ಮನುಷ್ಯರ ಸ್ವಭಾವ ನಮಗೆಲ್ಲ ಗೊತ್ತು. ಊಟ ಹೊತ್ತಿಗೆ ಸರಿಯಾಗಿ ಆಗಬೇಕು, ನಿದ್ದೆ ಕೆಡಬಾರದು, ಒಂದು ಮಾತು ಹೆಚ್ಚುಕಮ್ಮಿಯಾದರೆ ಮುಖ ತಿರುಗಿಸಿ ಕೂತುಬಿಡುತ್ತಾರೆ. ಇಂಜಿನ್ನೂ ಅಷ್ಟೆ.

ಅಪ್ಪನ ಗ್ಯಾರೇಜು ಒಂಟಿಕೊಪ್ಪಲಿನಲ್ಲಿತ್ತು. ಅಲ್ಲಿಂದ ಯಾದವಗಿರಿಯ ಜಾವಾ ಫ್ಯಾಕ್ಟರಿ ದೂರವೇನಲ್ಲ. 1961ರಲ್ಲಿ ಮೈಸೂರಿನಲ್ಲಿ ಜಾವಾ ತಯಾರಾಗಲು ಶುರುವಾದದ್ದು, 1970ರ ದಶಕದಲ್ಲಿ ಅದೇ ಯೆಜ್ಡಿ ಎಂಬ ಹೆಸರು ಹೊತ್ತದ್ದು, 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿದ್ದು, ಈ ಮೂರು ನಮ್ಮ ಮನೆಯಲ್ಲಿ ಮದುವೆ–ನಾಮಕರಣ–ತಿಥಿಗಳ ಜೊತೆಗೇ ನೆನಪಿರುವ ಇಸವಿಗಳು. ಜಾವಾದಲ್ಲಿ ಕಿಕ್ಕರು, ಗೇರು ಎರಡಕ್ಕೂ ಒಂದೇ ಕಡ್ಡಿ. ಕಿಕ್ ಹೊಡೆದು, ಅದನ್ನೇ ಮುಂದಕ್ಕೆ ಮಡಿಸಿ ಗೇರು ಹಾಕಬೇಕು. ಸ್ಕೂಲು ಬಿಟ್ಟ ಮೇಲೆ ಗ್ಯಾರೇಜಿನ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂತು ಕಾರ್ಬ್ಯುರೇಟರಿನ ಜೆಟ್ಟುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಬಾಯಲ್ಲಿ ಊದಿ, ಬೆಳಕಿಗೆ ಹಿಡಿದು ತೂತು ಕಾಣುತ್ತದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಬಾಯಲ್ಲಿ ಊದಿದ್ದು ಅಮ್ಮನಿಗೆ ಗೊತ್ತಾದರೆ ಬೈಗುಳ, ಆ ರಾತ್ರಿ ಸಾರಿಗೂ ಪೆಟ್ರೋಲಿನ ರುಚಿ. ಬಂದ ಗಾಡಿಗಳನ್ನು ಅಪ್ಪ ಮುಟ್ಟುತ್ತಿರಲಿಲ್ಲ, ಮೊದಲು ಕೇಳುತ್ತಿದ್ದ. ಗಿರಾಕಿಗೆ ‘ಸ್ವಲ್ಪ ರೇಸ್ ಮಾಡು’ ಅನ್ನುವುದು, ಕಣ್ಣು ಮುಚ್ಚುವುದು. ಆಮೇಲೆ ಪ್ಲಗ್ಗು ಬಿಚ್ಚಿಸಿ ಬಣ್ಣ ನೋಡುವುದು. ಬೆಳ್ಳಗಿದ್ದರೆ ಪೆಟ್ರೋಲು ಸಾಲುತ್ತಿಲ್ಲ, ಒಳಗೆ ಸುಡುತ್ತಿದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಉಸಿರು ಕಟ್ಟುತ್ತಿದೆ. ಕಾಫಿ ಬಣ್ಣ ಇದ್ದರೆ ಆರೋಗ್ಯ.

ಈ ವಿದ್ಯೆಗೆ ಪ್ರಪಂಚದಲ್ಲಿ ಇನ್ನು ಬೇಡಿಕೆಯಿಲ್ಲ ಎಂದುಕೊಂಡೇ ನಾನು ವಿಮಾನ ಹತ್ತಿದ್ದೆ. ಹೊಗೆ ಕಾರುವ ಟೂ ಸ್ಟ್ರೋಕ್ ಬೈಕುಗಳು ರಸ್ತೆಯಿಂದ ಮರೆಯಾಗುತ್ತಿದ್ದ ಕಾಲ ಅದು. ಇಪ್ಪತ್ತು ವರ್ಷದ ಮೇಲೆ ಇವರು ಒಂದು ಶನಿವಾರ ಗ್ಯಾರೇಜಿಗೆ ದೊಡ್ಡ ಪೆಟ್ಟಿಗೆ ಇಳಿಸಿದರು. ತೆಗೆದು ನೋಡಿದರೆ ಒಳಗೆ ಸಾಕ್ಷಾತ್ ಅಪ್ಪನ ಸಂಸಾರ. ಪಿಸ್ಟನ್ನು, ಪ್ಲಗ್ಗು, ಸೈಲೆನ್ಸರು, ಪಕ್ಕದಲ್ಲೊಂದು ಟೂ ಸ್ಟ್ರೋಕ್ ಎಣ್ಣೆಯ ಡಬ್ಬಿ. ಮೂಸಿ ನೋಡಿದೆ. ಒಂಟಿಕೊಪ್ಪಲು.

ಅಮೆರಿಕದಲ್ಲಿ ಕಾರು ಓಡಿಸಲು ಪರೀಕ್ಷೆ ಬರೆಯಬೇಕು, ಕೆರೆಯಲ್ಲಿ ಮೀನು ಹಿಡಿಯಲೂ ಲೈಸೆನ್ಸು ಬೇಕು. ಬೆನ್ನಿಗೆ ಇಂಜಿನ್ನು ಕಟ್ಟಿಕೊಂಡು ಹಾರಲು ಮಾತ್ರ ಏನೂ ಬೇಡ. 1982ರಿಂದ ಜಾರಿಯಲ್ಲಿರುವ ‘ಪಾರ್ಟ್ 103’ ಎಂಬ ನಿಯಮ ಹೇಳುವುದಿಷ್ಟೆ: ಒಬ್ಬರೇ ಹಾರಬೇಕು, ವಾಹನ 115 ಕಿಲೋ ಮೀರಬಾರದು, ಟ್ಯಾಂಕಿನಲ್ಲಿ ಸುಮಾರು 19 ಲೀಟರಿಗಿಂತ ಹೆಚ್ಚು ಹಿಡಿಯಬಾರದು, ವೇಗ 55 ನಾಟ್ ದಾಟಬಾರದು, ಹಗಲಲ್ಲೇ ಹಾರಬೇಕು, ಜನವಸತಿಯ ಮೇಲೆ ಹೋಗಬಾರದು. ಸರ್ಕಾರ ಸರ್ಟಿಫಿಕೇಟು ಕೇಳದಿದ್ದರೆ ಏನಂತೆ, ನಾನು ಕೇಳಿದೆ. ಇವರು ಎರಡು ವಾರ ರಜೆ ಹಾಕಿ ಗುರುವಿನ ಹತ್ತಿರ ಕಲಿತು ಬಂದರು. ಅದರಲ್ಲಿ ಮೊದಲ ನಾಲ್ಕು ದಿನ ಬರೀ ರೆಕ್ಕೆಯ ಜೊತೆ ಮೈದಾನದಲ್ಲಿ ಎದ್ದು ಬಿದ್ದದ್ದು. ಮೊಣಕಾಲಿನ ಕಲೆ ಈಗಲೂ ಇದೆ.

ಪ್ರತಿ ಚಳಿಗಾಲ ನಾವು ಹಾರಾಟಗಾರರ ಕೂಟಕ್ಕೆ ಸಾಲ್ಟನ್ ಸೀ ದಂಡೆಗೆ ಹೋಗುತ್ತೇವೆ. ಹೆಸರಿಗೆ ಸಮುದ್ರ, ನಿಜದಲ್ಲಿ ಒಂದು ತಪ್ಪಿನ ಫಲ. 1905ರಲ್ಲಿ ಕೊಲರಾಡೊ ನದಿ ನೀರಾವರಿ ಕಾಲುವೆಯ ಕಟ್ಟೆ ಒಡೆದುಕೊಂಡು ಮರುಭೂಮಿಯ ತಗ್ಗಿಗೆ ನುಗ್ಗಿತು, ಸುಮಾರು ಎರಡು ವರ್ಷ ಹಾಗೇ ಹರಿಯಿತು. ನಿಂತ ನೀರು ಇವತ್ತಿಗೂ ಇದೆ, ಕಡಲಿಗಿಂತ ಉಪ್ಪಾಗಿ. ಅದರ ದಂಡೆ ಸಮುದ್ರಮಟ್ಟಕ್ಕಿಂತ ಸುಮಾರು 70 ಮೀಟರ್ ಕೆಳಗಿದೆ. ಸ್ಯಾನ್ ಡಿಯೇಗೊದಿಂದ ಬೆಟ್ಟ ಹತ್ತಿ ಇಳಿಯಬೇಕು. ಬೆಟ್ಟದ ತುದಿಯಲ್ಲಿ ನೀರು ಕುಡಿದು ಮುಚ್ಚಳ ಬಿಗಿದ ಬಾಟಲಿ ಕೆಳಗೆ ಬರುವಷ್ಟರಲ್ಲಿ ಪಟಪಟ ಸದ್ದು ಮಾಡುತ್ತ ತಾನೇ ಒಳಕ್ಕೆ ಸೊರಗುತ್ತದೆ. ಇವರ ಎತ್ತರ ತೋರುವ ಗಡಿಯಾರ ನೆಲದ ಮೇಲೆ ನಿಂತಾಗ ಮೈನಸ್ಸಿನಲ್ಲಿರುತ್ತದೆ. ಇವರು ಹಾರಿ ಇನ್ನೂ ಸಮುದ್ರಮಟ್ಟಕ್ಕೇ ಬಂದಿರುವುದಿಲ್ಲ, ಅಷ್ಟರಲ್ಲಿ ನನಗೆ ಮುಖ ಕಾಣದಷ್ಟು ಮೇಲೆ ಹೋಗಿರುತ್ತಾರೆ.

ದಂಡೆಯಲ್ಲಿ ಮರಳು ಎಂದು ತಿಳಿದು ಚಪ್ಪಲಿ ಬಿಟ್ಟರೆ ಕೆಟ್ಟಿರಿ. ಅದು ಮರಳಲ್ಲ, ಬಾರ್ನಕಲ್ ಎಂಬ ಪುಟ್ಟ ಪ್ರಾಣಿಗಳ ಚಿಪ್ಪು, ನಡುವೆ ಮೀನಿನ ಮೂಳೆ. ತುಳಿದರೆ ಒಣ ಅವಲಕ್ಕಿಯ ಮೇಲೆ ನಡೆದ ಸದ್ದು. ಫ್ಯಾನು ಜೋರಾಗಿ ತಿರುಗಿದಾಗ ಈ ಚಿಪ್ಪನ್ನೆಲ್ಲ ನೆಲದಿಂದ ಹೀರಿಕೊಳ್ಳುತ್ತದೆ, ಕಾರ್ಬನ್ ಫೈಬರಿನ ಅಲಗಿನ ಅಂಚು ಕಚ್ಚುಕಚ್ಚಾಗುತ್ತದೆ. ಆದ್ದರಿಂದ ಅನುಭವಸ್ಥರು ಇಂಜಿನ್ನು ಬಿಸಿ ಮಾಡುವ ಜಾಗದಲ್ಲಿ ಒಂದು ಹಳೆಯ ಜಮಖಾನೆ ಹಾಸಿಕೊಂಡಿರುತ್ತಾರೆ. ನಾವು ತೆಗೆದುಕೊಂಡು ಹೋಗುವುದು ಮದುವೆಯಲ್ಲಿ ಬಳುವಳಿಯಾಗಿ ಬಂದ ನವಲಗುಂದದ ಜಮಖಾನೆ. ಅದರ ಮೇಲಿನ ನವಿಲುಗಳು ಈಗ ಎಣ್ಣೆ ಕುಡಿದು ಕಾಗೆಗಳಾಗಿವೆ.

ಬೆಳಿಗ್ಗೆ ಇನ್ನೂ ನಸುಕು. ಗಾಳಿ ಅಲುಗುವುದಿಲ್ಲ. ಮೂವತ್ತು ನಲವತ್ತು ಇಂಜಿನ್ನುಗಳು ಒಂದೊಂದಾಗಿ ಏಳುತ್ತವೆ. ಹಬ್ಬದ ಹಿಂದಿನ ದಿನ ಹಿಟ್ಟಿನ ಗಿರಣಿಯ ಮುಂದೆ ನಿಂತ ಹಾಗೆ ಆ ಸದ್ದು, ಆ ವಾಸನೆ, ಆ ಸಾಲು. ಎರಡು ಗಂಟೆ ಆಕಾಶದ ತುಂಬ ಬಣ್ಣದ ರೆಕ್ಕೆ. ಬಿಸಿಲೇರಿತೆಂದರೆ ಮುಗಿಯಿತು. ಮರುಭೂಮಿಯ ನೆಲ ಕಾದು ಬಿಸಿಗಾಳಿ ಗುಪ್ಪೆಗುಪ್ಪೆಯಾಗಿ ಮೇಲೇಳುತ್ತದೆ, ಆಗ ಹಾರುವುದು ಬುದ್ಧಿವಂತರ ಲಕ್ಷಣವಲ್ಲ. ಸಂಜೆ ನಾಲ್ಕರ ತನಕ ಎಲ್ಲರೂ ನೆಲದ ಮೇಲೆ. ನನ್ನ ಪ್ರಕಾರ ಕೂಟ ಶುರುವಾಗುವುದೇ ಆಗ. ಹೆಸರು ಹಾರುವ ಕೂಟ ಎಂದಿದ್ದರೂ ಹಾರುವುದು ದಿನಕ್ಕೆ ಮೂರು ಗಂಟೆ. ಉಳಿದ ಹೊತ್ತೆಲ್ಲ ಬಿಚ್ಚುವ ಕೂಟ, ಮೂಸುವ ಕೂಟ, ‘ನಿನ್ನ ಹತ್ತಿರ ಎಂಟರ ವಾಷರು ಇದೆಯೇ’ ಎಂದು ಡೇರೆಯಿಂದ ಡೇರೆಗೆ ಅಲೆಯುವ ಕೂಟ.

ಬಿಚ್ಚದೆ ವಿಧಿಯಿಲ್ಲ. ಈ ಇಂಜಿನ್ನು ಓಡುವಾಗ ನಡುಗುವ ನಡುಕಕ್ಕೆ ನಟ್ಟುಗಳು ತಾವಾಗಿಯೇ ತಿರುಗಿ ಬಿಚ್ಚಿಕೊಳ್ಳುತ್ತವೆ. ಬೈಕಿನಲ್ಲಿ ನಟ್ಟು ಬಿದ್ದರೆ ರಸ್ತೆಗೆ ಬೀಳುತ್ತದೆ. ಇಲ್ಲಿ ಬಿದ್ದದ್ದೆಲ್ಲ ನೇರ ಫ್ಯಾನಿಗೆ. ಅದಕ್ಕೇ ಸೈಲೆನ್ಸರಿನ ಸ್ಪ್ರಿಂಗಿಗೂ ತಂತಿ ಸುತ್ತಿರುತ್ತಾರೆ, ಬೋಲ್ಟಿನ ತಲೆಗೆ ತೂತು ಕೊರೆದು ಅಲ್ಲಿಗೂ ತಂತಿ. ಬಿಗಿದ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆದಿರುತ್ತಾರೆ, ಗೆರೆ ಮುರಿದಿದ್ದರೆ ನಟ್ಟು ಅಲುಗಿದೆ ಎಂದು ಅರ್ಥ. ಪ್ರತಿ ಹಾರಾಟದ ಮುಂಚೆ ಈ ಗೆರೆಗಳನ್ನೆಲ್ಲ ನೋಡಬೇಕು.

ಕಾರ್ಬ್ಯುರೇಟರಿನ ಕಥೆ ಬೇರೆ. ಜಾವಾದ ಕಾರ್ಬ್ಯುರೇಟರಿನೊಳಗೆ ಒಂದು ಪುಟ್ಟ ಬಟ್ಟಲು, ಅದರಲ್ಲಿ ತೇಲುವ ಫ್ಲೋಟು. ಆಕಾಶದಲ್ಲಿ ಮಗ್ಗುಲಾಗಿ ವಾಲುವವನಿಗೆ ಬಟ್ಟಲು ಆಗಿಬರುವುದಿಲ್ಲ, ಚೆಲ್ಲುತ್ತದೆ. ಆದ್ದರಿಂದ ಇದರಲ್ಲಿ ಬಟ್ಟಲಿನ ಬದಲು ಎರಡು ತೆಳ್ಳನೆ ಪೊರೆ. ಇಂಜಿನ್ನಿನ ಹೊಟ್ಟೆಯ ಒತ್ತಡ ಏರಿಳಿದ ಹಾಗೆ ಒಂದು ಪೊರೆ ಮಿಡಿದು ಪೆಟ್ರೋಲು ಎಳೆಯುತ್ತದೆ, ಇನ್ನೊಂದು ಎಷ್ಟು ಬೇಕೋ ಅಷ್ಟು ಒಳಗೆ ಬಿಡುತ್ತದೆ. ಮಲೆನಾಡಿನ ಅಡಿಕೆ ತೋಟದಲ್ಲಿ ಹೆಗಲಿಗೆ ಹಾಕಿಕೊಳ್ಳುವ ಕಳೆ ಕೊಚ್ಚುವ ಮಶೀನಿದೆಯಲ್ಲ, ಅದರ ಕಾರ್ಬ್ಯುರೇಟರು ಇದರ ಸ್ವಂತ ತಮ್ಮ. ತೀರ್ಥಹಳ್ಳಿಯ ನಮ್ಮ ಭಾವನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ‘ಹಂಗಾದ್ರೆ ನಾನು ಅರ್ಧ ಪೈಲಟ್ಟು’ ಅಂದರು. ಅವರಿಗೂ ನನಗೂ ಶತ್ರು ಒಬ್ಬನೇ, ಪೆಟ್ರೋಲಿಗೆ ಬೆರೆಸುವ ಎಥನಾಲು. ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಅದು ನೂರಕ್ಕೆ ಹತ್ತು ಪಾಲು. ನಮ್ಮಲ್ಲಿ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಪೆಟ್ರೋಲಿನಲ್ಲಿ ಇಪ್ಪತ್ತು ಪಾಲು. ಎಥನಾಲು ಗಾಳಿಯ ತೇವ ಹೀರುತ್ತದೆ, ಪೆಟ್ರೋಲು ಹಾಗೇ ಬಿಟ್ಟಿಟ್ಟರೆ ಪೊರೆ ಗಡುಸಾಗುತ್ತದೆ. ರೇಷ್ಮೆಯ ಹಾಗೆ ಮಿಡಿಯಬೇಕಾದದ್ದು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಕಟಕಟ ಅನ್ನುತ್ತದೆ. ಹಾರಿ ಬಂದ ಮೇಲೆ ಟ್ಯಾಂಕು ಬರಿದು ಮಾಡಿ ಇಡುವುದು ನಮ್ಮ ಮನೆಯ ಕಟ್ಟುನಿಟ್ಟು. ಹಳೆಯ ಮಿಕ್ಸು ಒಂದು ತಿಂಗಳು ದಾಟಿದರೆ ಹುಲ್ಲು ಕತ್ತರಿಸುವವನ ಪಾಲು.

ಮೊದಲ ಕೂಟದಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಪ್ರಶ್ನೆಯೆಲ್ಲ ಇವರಿಗೆ. ಇವರು ಪ್ರತಿ ಪ್ರಶ್ನೆಗೂ ನನ್ನ ಕಡೆ ತಿರುಗುವುದು, ನಾನು ಹೇಳುವುದು, ಅವರು ಮತ್ತೆ ಇವರನ್ನೇ ಕೇಳುವುದು. ಗಂಡನ ಮೂಲಕ ಮಾತಾಡುವ ನಮ್ಮ ಅಜ್ಜಿಯ ಕಾಲದ ಪದ್ಧತಿ ಅಮೆರಿಕದಲ್ಲೂ ಜೀವಂತವಾಗಿದೆಯಲ್ಲ ಎಂದು ನನಗೆ ನಗು. ಅದನ್ನು ಮುರಿದವನು ನಿವೃತ್ತ ಟ್ರಕ್ ಡ್ರೈವರ್ ಅಜ್ಜ, ಎಪ್ಪತ್ತು ದಾಟಿದವನು. ಅವನ ಇಂಜಿನ್ನು ಏಳದೆ ಒಂದು ಗಂಟೆ ಹಗ್ಗ ಎಳೆದು ಎಳೆದು ತೋಳು ಬಿದ್ದುಹೋಗಿತ್ತು. ನಾನು ಹೋಗಿ ಪೆಟ್ರೋಲಿನ ಕೊಳವೆ ನೋಡಿದೆ. ಮಧ್ಯದಲ್ಲಿ ಕಡಲೆಕಾಳಿನಷ್ಟು ಗಾಳಿಗುಳ್ಳೆ. ರಬ್ಬರ್ ಬುಡ್ಡಿ ಹಿಸುಕಿ ಗುಳ್ಳೆ ಹೋಗಲಾಡಿಸಿದೆ. ಎರಡನೆಯ ಎಳೆತಕ್ಕೆ ಎದ್ದಿತು. ಆವತ್ತಿನಿಂದ ಅವನು ನನ್ನನ್ನು ‘ಡಾಕ್ಟರ್’ ಅನ್ನುತ್ತಾನೆ. ನಮ್ಮ ಜಮಖಾನೆಯ ಮುಂದೆ ಮಧ್ಯಾಹ್ನದ ಹೊತ್ತು ಒಂದು ಸಣ್ಣ ಸಾಲೂ ನಿಲ್ಲುತ್ತದೆ. ಫೀಸು ತೆಗೆದುಕೊಳ್ಳುವುದಿಲ್ಲ, ಬದಲಿಗೆ ಬಂದವರೆಲ್ಲ ಕೋಡುಬಳೆ ತಿನ್ನಲೇಬೇಕು.

ಜುಲೈ ಎರಡನೆಯ ಭಾನುವಾರ ಜಾವಾ ದಿನವೆಂದು ನಮ್ಮೂರ ಕಡೆ ಹಳೆಯ ಬೈಕಿನವರು ಸೇರುತ್ತಾರಲ್ಲ, ಥೇಟ್ ಅದೇ ವಾತಾವರಣ. ಬಂದವನು ಮೊದಲು ನಿಮ್ಮ ಯಂತ್ರದ ಕ್ಷೇಮ ಕೇಳುತ್ತಾನೆ, ಆಮೇಲೆ ನಿಮ್ಮದು. ರಾತ್ರಿ ಬೆಂಕಿಯ ಸುತ್ತ ಕಥೆಗಳು. 1980ರಲ್ಲಿ ಇಂಗ್ಲೆಂಡಿನ ಮೈಕ್ ಬರ್ನ್ ಪ್ಯಾರಾಚೂಟಿಗೆ ಇಂಜಿನ್ನು ಜೋಡಿಸಿ ನೆಲದಿಂದಲೇ ಎದ್ದದ್ದು, ‘ಪ್ಯಾರಾಮೋಟರ್’ ಎಂಬ ಹೆಸರು ಕೊಟ್ಟದ್ದು. 2007ರ ಏಪ್ರಿಲ್‌ನಲ್ಲಿ ಸ್ಪೇನಿನ ರಾಮೊನ್ ಮೊರಿಯಾಸ್ ತನ್ನ ದೇಶದ ತೆಂಕಣ ತುದಿಯಿಂದ ಹೊರಟು ಕಡಲ ಮೇಲೆ 1,105 ಕಿಲೋಮೀಟರ್ ಹಾರಿ ಕ್ಯಾನರಿ ದ್ವೀಪಗಳಲ್ಲಿ ಇಳಿದದ್ದು. ಎಲ್ಲರೂ ಅವನ ಎದೆಗಾರಿಕೆಯ ಮಾತಾಡುತ್ತಾರೆ. ನನಗೆ ಮಾತ್ರ ಅವನ ಪ್ಲಗ್ಗು ಯಾವ ಬಣ್ಣ ಇತ್ತೋ ನೋಡಬೇಕಿತ್ತು ಅನಿಸುತ್ತದೆ. ನನಗೆ ತುಂಬ ಹಿಡಿಸಿದ ಕಥೆ ಇನ್ನೊಂದು. ಅದೇ 2007ರ ಮೇ ತಿಂಗಳಲ್ಲಿ ಟಿವಿಯ ಬೇರ್ ಗ್ರಿಲ್ಸ್ ಹಿಮಾಲಯದಲ್ಲಿ ಎವರೆಸ್ಟಿಗಿಂತ ಎತ್ತರ ಹಾರಿದೆ ಎಂದನಲ್ಲ, ಜೊತೆಯಲ್ಲಿ ಜೈಲ್ಸ್ ಕಾರ್ಡೋಜೊ ಎಂಬಾತನೂ ಹಾರಿದ್ದ. ಆ ಇಂಜಿನ್ನನ್ನು ರೂಪಿಸಿದವನೇ ಅವನು. ಇನ್ನು ಮುನ್ನೂರು ಮೀಟರ್ ಇದೆ ಅನ್ನುವಾಗ ಕೈಕೊಟ್ಟದ್ದು ಅವನ ಇಂಜಿನ್ನೇ. ಮೆಕ್ಯಾನಿಕ್ಕಿನ ಮನೆಯ ಗಾಡಿ ಯಾವತ್ತೂ ಕೆಟ್ಟಿರುತ್ತದೆ ಎಂಬುದು ಹಿಮಾಲಯದ ಮೇಲೂ ಸುಳ್ಳಾಗಲಿಲ್ಲ.

ನಮ್ಮ ಮನೆಯಲ್ಲೂ ಸುಳ್ಳಾಗಲಿಲ್ಲ.

ಹೋದ ಚಳಿಗಾಲದ ಕೂಟ. ಶನಿವಾರ ಬೆಳಿಗ್ಗೆ ಹಾರಿ ಬಂದ ಇವರು ‘ಐಡ್ಲಿಂಗಲ್ಲಿ ಸ್ವಲ್ಪ ಏರಿಳಿತ ಇದೆ, ನೋಡು’ ಅಂದರು. ಮಧ್ಯಾಹ್ನ ಕಾರ್ಬ್ಯುರೇಟರ್ ಬಿಚ್ಚಿ ಹೊಸ ಪೊರೆ ಹಾಕಿದೆ. ಮುಚ್ಚಳದ ನಾಲ್ಕು ತಿರುಪನ್ನು ಬೆರಳಿನಲ್ಲೇ ತಿರುಗಿಸಿ ಕೂರಿಸಿ, ಇನ್ನೇನು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಕು, ಎರಡು ಡೇರೆ ಆಚೆ ಒಂದು ಇಂಜಿನ್ನು ಕಿರುಚಿತು. ಕಿರುಚಿತು ಎಂದೇ ಹೇಳಬೇಕು. ಹೊಟ್ಟೆಗಿಲ್ಲದ ಮಗುವಿನ ದನಿ, ತೆಳ್ಳಗೆ, ಚೂಪಾಗಿ. ಎದ್ದು ಓಡಿದೆ.

ಅದು ಫ್ಲಾಗ್‌ಸ್ಟಾಫ್‌ನಿಂದ ಬಂದ ಹುಡುಗನದು. ಅರಿಜೋನಾದ ಆ ಊರು 2,100 ಮೀಟರ್ ಎತ್ತರದಲ್ಲಿದೆ, ಅಂದರೆ ಮುಳ್ಳಯ್ಯನಗಿರಿಯ ತುದಿಗೂ ಮೇಲೆ. ಅಲ್ಲಿ ಗಾಳಿ ತೆಳು. ತೆಳು ಗಾಳಿಗೆ ತಕ್ಕಂತೆ ಅವನು ಪೆಟ್ರೋಲಿನ ತಿರುಪು ಬಿಗಿದುಕೊಂಡು ಬಂದಿದ್ದ. ಈ ಪಾತಾಳದಲ್ಲಿ ಗಾಳಿ ದಟ್ಟ. ಗಾಳಿ ಹೆಚ್ಚು, ಪೆಟ್ರೋಲು ಅಷ್ಟೇ. ನಿಲ್ಲಿಸಿ ಪ್ಲಗ್ಗು ಬಿಚ್ಚಿಸಿದೆ. ವಿಭೂತಿಯ ಹಾಗೆ ಬೆಳ್ಳಗಿತ್ತು. ಇನ್ನು ಐದು ನಿಮಿಷ ಓಡಿದ್ದರೆ ಪಿಸ್ಟನ್ನು ಸೀಜ್ ಆಗುತ್ತಿತ್ತು. ತಿರುಪನ್ನು ಒಂದೊಂದೇ ಕೂದಲೆಳೆಯಷ್ಟು ಸಡಿಲಿಸುತ್ತ, ಓಡಿಸುತ್ತ, ಮತ್ತೆ ಪ್ಲಗ್ಗು ನೋಡುತ್ತ, ದನಿ ತುಂಬಿ ಬರುವ ತನಕ ಒಂದು ಗಂಟೆ ಕೂತೆ. ಸುತ್ತ ಹತ್ತು ಜನ ಸೇರಿದ್ದರು. ಟ್ರಕ್ ಅಜ್ಜ ಚಪ್ಪಾಳೆ ಹೊಡೆದ. ನನಗೂ ಸ್ವಲ್ಪ ತಲೆಗೇರಿತ್ತು ಅನ್ನಿ. ಹಿಂದಿರುಗಿ ಬಂದಾಗ ಇವರು ನಮ್ಮ ಇಂಜಿನ್ನು ಬಿಸಿ ಮಾಡಿ, ಬೆನ್ನಿಗೇರಿಸಿ, ರೆಕ್ಕೆ ಹಾಸಿ ನಿಂತಿದ್ದರು. ಸದ್ದು ಚೆನ್ನಾಗಿಯೇ ಇತ್ತು. ಕೈ ಬೀಸಿದೆ. ಹೊರಟರು.

ನಮ್ಮೂರಲ್ಲಿ ಅಪ್ಪನ ಗಾಡಿಯ ಸದ್ದು ರಾಮಮಂದಿರದ ತಿರುವಿನಲ್ಲಿ ಕೇಳಿದ ಕೂಡಲೇ ಅಮ್ಮ ತಟ್ಟೆಗೆ ಅನ್ನ ಹಾಕುತ್ತಿದ್ದಳು. ಬೀದಿಯಲ್ಲಿ ಹತ್ತು ಜಾವಾ ಇದ್ದರೂ ಒಂದು ದಿನವೂ ಬೇರೆಯವರ ಗಾಡಿಗೆ ಅನ್ನ ಹಾಕಿದವಳಲ್ಲ. ನಾನೂ ಹಾಗೆಯೇ. ಆಕಾಶದಲ್ಲಿ ಇಪ್ಪತ್ತು ಇಂಜಿನ್ನಿದ್ದರೂ ಇವರದು ಯಾವುದೆಂದು ತಲೆ ಎತ್ತದೆ ಹೇಳಬಲ್ಲೆ. ಹಾರುವ ಆಸೆ ಯಾಕಿಲ್ಲ ಎಂದರೆ ಇದೇ ಕಾರಣ, ಕೆಳಗೆ ಕೇಳಿಸಿಕೊಳ್ಳುವವರು ಒಬ್ಬರು ಬೇಕು. ಸದ್ದು ಒಂದೇ ಸಮ ಇರುವ ತನಕ ನಾನು ಚಿತ್ರಾನ್ನಕ್ಕೆ ಈರುಳ್ಳಿ ಹೆಚ್ಚಬಲ್ಲೆ, ಪಕ್ಕದವರ ಜೊತೆ ಹರಟಬಲ್ಲೆ. ಆವತ್ತೂ ಈರುಳ್ಳಿ ಹೆಚ್ಚುತ್ತಿದ್ದೆ. ಐದಾರು ನಿಮಿಷ ಆಗಿರಬೇಕು. ಸದ್ದು ಒಮ್ಮೆ ಬಿಕ್ಕಿತು. ಮತ್ತೊಮ್ಮೆ. ಆಮೇಲೆ ಇಲ್ಲ.

ಕೈಯಲ್ಲಿದ್ದ ಚಾಕು ಕೆಳಗಿಡುವ ಮೊದಲೇ ನಾಲ್ಕು ತಿರುಪು ಕಣ್ಣ ಮುಂದೆ ಬಂದವು. ಬೆರಳಿನಲ್ಲಿ ಕೂರಿಸಿದ್ದು. ಬಿಗಿಯದೆ ಬಿಟ್ಟಿದ್ದು. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಯಾರೋ ಕಟ್ಟಿರಬೇಕು.

ಇಂಜಿನ್ನು ನಿಂತರೆ ಮನುಷ್ಯ ಕಲ್ಲಿನ ಹಾಗೆ ಬೀಳುವುದಿಲ್ಲ. ರೆಕ್ಕೆ ರೆಕ್ಕೆಯೇ, ತೇಲಿಸಿಕೊಂಡು ಇಳಿಸುತ್ತದೆ. ಅದಕ್ಕೇ ಇವರ ಗುರು ಮೊದಲ ದಿನ ಹೇಳಿಕೊಟ್ಟದ್ದು, ಇಂಜಿನ್ನು ಈ ಕ್ಷಣ ನಿಂತರೆ ಎಲ್ಲಿ ಇಳಿಯುತ್ತೀಯ ಎಂಬುದಕ್ಕೆ ಯಾವಾಗಲೂ ಉತ್ತರ ಇಟ್ಟುಕೊಂಡಿರು ಎಂದು. ಇದೆಲ್ಲ ನನಗೆ ಬಾಯಿಪಾಠ. ಆದರೆ ಆವತ್ತು ನೆನಪಾದದ್ದು ಕಾರವಾರ. 2020ರ ಅಕ್ಟೋಬರಿನಲ್ಲಿ ಅಲ್ಲಿನ ಟ್ಯಾಗೋರ್ ಕಡಲತೀರದಲ್ಲಿ ಪ್ಯಾರಾಮೋಟರು ನೀರಿಗೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡಿದ್ದರು. ಆಕಾಶಕ್ಕಿಂತ ನೀರೇ ಈ ಆಟದ ಯಮ. ಬೆನ್ನಿನ ಭಾರ ಮಗುಚಿಹಾಕುತ್ತದೆ, ಪಟ್ಟಿಗಳು ಬಿಡುವುದಿಲ್ಲ, ದಾರಗಳು ಸುತ್ತಿಕೊಳ್ಳುತ್ತವೆ. ಇವರು ದಂಡೆಯ ಗುಂಟ ಹಾರುತ್ತಿದ್ದರು. ಹಳದಿ ರೆಕ್ಕೆ ನೀರಿನ ಕಡೆಗೆ ಒಂದು ಚೂರು ವಾಲಿತು, ತಿರುಗಿತು, ದಂಡೆಯ ಕಡೆಗೆ ಬಂತು, ದಿಬ್ಬದ ಹಿಂದೆ ಮರೆಯಾಯಿತು. ಓಡಿದೆ. ಚಪ್ಪಲಿ ಎಲ್ಲಿ ಬಿಟ್ಟೆನೋ ತಿಳಿಯದು. ಚಿಪ್ಪು ಚುಚ್ಚಿದ್ದು ಗೊತ್ತಾದದ್ದು ರಾತ್ರಿ.

ದಿಬ್ಬದ ಆಚೆ ಇವರು ನಿಂತಿದ್ದರು, ಮೊಣಕಾಲಿನ ತನಕ ಕಪ್ಪು ಕೆಸರಿನಲ್ಲಿ. ಆ ದಂಡೆಯ ಅಂಚು ಮೇಲೆ ನೋಡಲು ಒಣಗಿದ ನೆಲ, ಒಳಗೆ ಕೊಳೆತ ಕೆಸರು. ಅದರ ನಾತ ವರ್ಣಿಸುವುದು ಬೇಡ. ಬೆನ್ನಲ್ಲಿ ಮೂವತ್ತು ಕಿಲೋ, ಎದುರಿಗೆ ಹಳದಿ ರೆಕ್ಕೆ ಒದ್ದೆ ಸೀರೆಯ ಹಾಗೆ ಬಿದ್ದಿದೆ. ಒಂದು ಕಾಲು ಎತ್ತಿದರೆ ಇನ್ನೊಂದು ಇಳಿಯುತ್ತದೆ.

‘ನಾಲ್ಕು ತಿರುಪು ಬಿಗಿಯದೆ ಬಿಟ್ಟಿದ್ದೆ’ ಅಂದೆ, ದಿಬ್ಬದ ಮೇಲಿಂದಲೇ, ಏದುಸಿರಿನಲ್ಲಿ. ಏನಾಯಿತು, ಪೆಟ್ಟಾಯಿತೇ ಎಂದು ಮೊದಲು ಕೇಳಬೇಕಿತ್ತು. ಬಾಯಿಗೆ ಬಂದದ್ದು ಅದು.

‘ಹೊರಡೋಕೆ ಮುಂಚೆ ನಾನೂ ಮುಟ್ಟಿ ನೋಡ್ಲಿಲ್ಲ’ ಅಂದರು ಇವರು. ‘ನೀನು ಮಾಡಿದ್ದು ಅಂತ ಬಿಟ್ಟೆ. ಕಾಫಿ ಇದ್ಯಾ?’

ಕಾಫಿ ಇರಲಿಲ್ಲ. ಇಬ್ಬರೂ ಸೇರಿ ಇಂಜಿನ್ನನ್ನು ದಿಬ್ಬಕ್ಕೆ ಎಳೆದೆವು. ನೋಡಿದರೆ ಮುಚ್ಚಳದ ಮೂರು ತಿರುಪು ಸಡಿಲವಾಗಿ ಅಲ್ಲಾಡುತ್ತಿದ್ದವು, ನಾಲ್ಕನೆಯದು ಇರಲೇ ಇಲ್ಲ. ಅದು ಫ್ಯಾನಿಗೆ ತಗುಲಿ ಹೋಗಿತ್ತು. ಅಲಗಿನ ತುದಿಯಲ್ಲಿ ಬೇಳೆಕಾಳಿನಷ್ಟು ಕಚ್ಚು. ಫ್ಲಾಗ್‌ಸ್ಟಾಫಿನ ಹುಡುಗ ಗಾಡಿ ತಂದ. ದಾರಿಯುದ್ದಕ್ಕೂ ನನಗೆ ಥ್ಯಾಂಕ್ಸ್ ಹೇಳುತ್ತಿದ್ದ. ಒಂದೊಂದು ಥ್ಯಾಂಕ್ಸೂ ಚಿಪ್ಪಿನ ಹಾಗೆ ಚುಚ್ಚುತ್ತಿತ್ತು.

ರಾತ್ರಿ ತಲೆಗೆ ದೀಪ ಕಟ್ಟಿಕೊಂಡು ಕೂತೆ. ಟ್ರಕ್ ಅಜ್ಜ ತನ್ನ ಡಬ್ಬಿಯಿಂದ ಒಂದು ತಿರುಪು ಹುಡುಕಿಕೊಟ್ಟ, ತನ್ನ ಹತ್ತಿರವಿದ್ದ ಹಳೆಯ ಫ್ಯಾನನ್ನೂ ಸಾಲ ಕೊಟ್ಟ. ಕಾರ್ಬ್ಯುರೇಟರ್ ಪೂರ್ತಿ ಬಿಚ್ಚಿ ತೊಳೆದು, ಇನ್ನೊಂದು ಜೊತೆ ಪೊರೆ ಹಾಕಿ, ತಿರುಪುಗಳನ್ನು ಮೂಲೆಯಿಂದ ಮೂಲೆಗೆ ಅದಲುಬದಲಾಗಿ ಬಿಗಿದು, ಪ್ರತಿಯೊಂದರ ಮೇಲೂ ಕೆಂಪು ಗೆರೆ ಎಳೆದೆ. ಆಮೇಲೆ ಇವರನ್ನು ಎಬ್ಬಿಸಿ ಒಂದೊಂದನ್ನೂ ಮುಟ್ಟಿಸಿದೆ. ನಿದ್ದೆಗಣ್ಣಿನಲ್ಲೇ ಮುಟ್ಟಿದರು.

ಭಾನುವಾರ ನಸುಕಿಗೆ ಜಮಖಾನೆಯ ಮೇಲೆ ಹತ್ತು ನಿಮಿಷ ಓಡಿಸಿದೆ. ಸದ್ದು ಸರಿ ಅನಿಸಿತು. ಸರಿ ಅನಿಸಿದ್ದರ ಮೇಲೆ ಹಿಂದಿನ ಸಂಜೆಯಿಂದ ನಂಬಿಕೆ ಹೋಗಿತ್ತು. ಮೈಸೂರಿನಲ್ಲಿ ಆಗ ರಾತ್ರಿ ಏಳೂಮುಕ್ಕಾಲು, ಅಪ್ಪ ಊಟಕ್ಕೆ ಮುಂಚೆ ಟಿವಿ ಮುಂದೆ ಕೂತಿರುವ ಹೊತ್ತು. ವಿಡಿಯೋ ಕಾಲ್ ಹಚ್ಚಿ ಫೋನನ್ನು ಇಂಜಿನ್ನಿನ ಕಡೆ ಹಿಡಿದೆ.

‘ಫೋನಲ್ಲಿ ಎಲ್ಲಾ ಇಂಜಿನ್ನೂ ಸೊಳ್ಳೆ ಥರಾನೇ ಕೇಳತ್ತೆ’ ಅಂದ ಅಪ್ಪ. ‘ನಿಲ್ಲಿಸು. ಪ್ಲಗ್ಗು ಬಿಚ್ಚು.’

ಬಿಸಿಯಿತ್ತು, ಬಟ್ಟೆ ಸುತ್ತಿ ಬಿಚ್ಚಿದೆ. ಬೆಳಕು ಇನ್ನೂ ಸಾಲದು, ಪರದೆಯಲ್ಲಿ ಅವನಿಗೆ ಏನೂ ಕಾಣುತ್ತಿರಲಿಲ್ಲ.

‘ಯಾವ ಬಣ್ಣ?’

‘ಕಾಫಿ ಬಣ್ಣ ಅಪ್ಪ.’

‘ಯಾರ ಮನೇ ಕಾಫಿ? ನಿಮ್ಮತ್ತೆ ಮನೇದಾ, ನಮ್ಮನೇದಾ?’

ಅತ್ತೆ ಮನೆಯ ಕಾಫಿಗೆ ಹಾಲು ಧಾರಾಳ. ಪ್ಲಗ್ಗನ್ನು ಪೂರ್ವದ ಕಡೆಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಆಚೆ ದಂಡೆಯ ಬೆಟ್ಟದ ಅಂಚಿನಲ್ಲಿ ಬೆಳಕು ಬರುತ್ತಿತ್ತು.

‘ನಮ್ಮನೇದು.’

‘ಹಂಗಾದ್ರೆ ವಾಪಸ್ ಹಾಕಿ ಬಿಗಿ. ಕೈಯಲ್ಲಲ್ಲ, ಸ್ಪ್ಯಾನರಲ್ಲಿ’ ಅಂದ. ನಿನ್ನೆಯ ವಿಷಯ ಅವನಿಗೆ ಯಾರು ಹೇಳಿದರೋ. ತಿರುಗಿ ನೋಡಿದರೆ ಇವರು ಹೆಲ್ಮೆಟ್ಟಿನ ಪಟ್ಟಿ ಬಿಗಿಯುವ ನೆಪದಲ್ಲಿ ಬೇರೆ ಕಡೆ ಮುಖ ಮಾಡಿ ನಿಂತಿದ್ದರು.